ಬುತ್ತಿಯೋ ಬುಟ್ಟಿಯೋ? ಮೊದಲು ಹಳೇ ಬಿಲ್ ಹುಡುಕಿ

ಪ್ರಶ್ನೆ: ನಮಸ್ಕಾರ ಸರ್. ನಾವು ಗದಗಿನಲ್ಲಿ 2015ರಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತೇವೆ. ಪಾಕೀಟಿನ ಮೇಲೆ ‘ಹೊಲದ ಬುತ್ತಿ’ ಅಂತ ಹೆಸರು. ರಿಜಿಸ್ಟರ್ ಮಾಡಿಸಿಲ್ಲ. ಹೋದ ವರ್ಷ ಹುಬ್ಬಳ್ಳಿಯಲ್ಲಿ ಒಬ್ಬರು ‘ಹೊಲದ ಬುಟ್ಟಿ’ ಅಂತ ಇದೇ ಮಾಲು ಶುರು ಮಾಡಿದರು. ಟ್ರೇಡ್‌ಮಾರ್ಕಿಗೂ ಅರ್ಜಿ ಹಾಕಿದ್ದಾರಂತೆ. ಈಗ ನಮಗೇ ಅವರ ವಕೀಲರ ನೋಟಿಸ್ ಬಂದಿದೆ, 15 ದಿನದಲ್ಲಿ ಹೆಸರು ಬಿಡಿ ಅಂತ. ನನ್ನ ಮಗ ‘ಬುತ್ತಿ ಬೇರೆ, ಬುಟ್ಟಿ ಬೇರೆ, ಹಂಗಂತ ಬರೆದು ಕಳಿಸೋಣ’ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಅಕ್ಕಾರೇ, ನಿಮ್ಮ ನಿಜವಾದ ಹೆಸರನ್ನು ಇಲ್ಲಿ ಬದಲಿಸಿದ್ದೇನೆ, ತಾಪತ್ರಯ ಮಾತ್ರ ಅದೇ. ಮೊದಲು ಮಗನನ್ನು ತಡೆಯಿರಿ. ಆ ಉತ್ತರ ಹೋಗಬಾರದು.

ಯಾಕೆ ಅಂದರೆ ಹೆಸರು ಬೇರೆ ಬೇರೆ ಅಂತ ನೀವೇ ಬರೆದುಕೊಟ್ಟರೆ ಅವರ ಅರ್ಜಿಗೆ ದಾರಿ ಸಲೀಸಾಯಿತು. ನಾಳೆ ನೀವು ತಕರಾರು ಹಾಕಲು ಹೋದಾಗ ಅದೇ ಕಾಗದ ಎದುರಿಗೆ ಹಿಡಿಯುತ್ತಾರೆ. ನೀವು ಹೇಳಬೇಕಾದ್ದು ಪೂರಾ ಉಲ್ಟಾ. ಹೌದು, ಎರಡೂ ಒಂದೇ ಥರ ಇವೆ, ಜನ ಮೋಸ ಹೋಗುತ್ತಾರೆ, ಆದರೆ ಈ ಹೆಸರು ಮೊದಲು ಇಟ್ಟವಳು ನಾನು.

ಒಂದೇ ಥರ ಹೇಗೆ ಅಂತೀರಾ? ಅರ್ಥ ನೋಡಿದರೆ ಮಗ ಹೇಳಿದ್ದು ಸರಿ. ಬುತ್ತಿ ಕಟ್ಟಿಕೊಂಡು ಹೋಗುವ ಊಟ, ಬುಟ್ಟಿ ಬುಟ್ಟಿಯೇ. ಆದರೆ ಟ್ರೇಡ್‌ಮಾರ್ಕಿನಲ್ಲಿ ಅರ್ಥವೊಂದನ್ನೇ ನೋಡುವುದಿಲ್ಲ. ಕಣ್ಣಿಗೆ ಹೇಗೆ ಕಾಣುತ್ತೆ, ಕಿವಿಗೆ ಹೇಗೆ ಬೀಳುತ್ತೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಇಂಗ್ಲಿಷಿನಲ್ಲಿ ಬರೆದು ನೋಡಿ. ಬುತ್ತಿಗೂ ಬಿ, ಯು, ಎರಡು ಟಿ, ಐ. ಬುಟ್ಟಿಗೂ ಅಷ್ಟೇ. ನಮ್ಮ ತ-ಟ ಜಗಳ ಆ ಲಿಪಿಗೆ ಗೊತ್ತೇ ಇಲ್ಲ.

ಮೊನ್ನೆ ಸಂಜೆ ದುರ್ಗದಬೈಲಿನಲ್ಲಿ ಒಂದು ಅಂಗಡಿ ಮುಂದೆ ನಿಂತಿದ್ದೆ. ಒಬ್ಬರು ಸ್ಕೂಟರ್ ಬಂದ್ ಮಾಡದೇ ‘ಅಣ್ಣಾ, ಆ ಗಿಣಿ ಚಿತ್ರದ ಊದಿನಕಡ್ಡಿ ಎರಡು ಕೊಡ್ರಿ’ ಅಂದರು. ಅಂಗಡಿಯವರು ತೆಗೆದುಕೊಟ್ಟ ಪಾಕೀಟಿನ ಮೇಲೆ ಇದ್ದದ್ದು ನವಿಲು. ಇವರೂ ನೋಡಲಿಲ್ಲ, ಅವರೂ ನೋಡಲಿಲ್ಲ, ಸ್ಕೂಟರ್ ಹೊರಟೇಹೋಯಿತು. ಕೋರ್ಟು ತಲೆಯಲ್ಲಿ ಇಟ್ಟುಕೊಳ್ಳುವ ಗಿರಾಕಿ ಇವರೇ. ಎರಡು ಪಾಕೀಟು ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿಯುವವರಲ್ಲ, ಅರ್ಧಂಬರ್ಧ ನೆನಪಿಟ್ಟುಕೊಂಡು ಗಡಿಬಿಡಿಯಲ್ಲಿ ಕೇಳುವವರು.

1972ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದ್ದು, ಅದೂ ನಮ್ಮ ಮೈಸೂರಿನ ಒಂದು ಬಿಸ್ಕತ್ತಿನ ಕೇಸಿನಲ್ಲಿ. ಪಾರ್ಲೆಯವರ ಗ್ಲೂಕೋ ಬಿಸ್ಕತ್ತಿನ ಹೊದಿಕೆಯ ಮೇಲೆ ನೀರಿನ ಪಾತ್ರೆ ಹಿಡಿದ ಹುಡುಗಿ, ಸುತ್ತ ಆಕಳು, ಕೋಳಿ. ಮೈಸೂರಿನವರ ಹೊದಿಕೆಯ ಮೇಲೂ ಹುಡುಗಿ, ಆಕಳು, ಕೋಳಿ. ಈ ಹುಡುಗಿಯ ತಲೆ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು ಮತ್ತು ಊಟದ ಗಂಟು. ಅಂದರೆ ಬುತ್ತಿ! ಹೈಕೋರ್ಟು ಈ ವ್ಯತ್ಯಾಸಗಳನ್ನು ಎಣಿಸಿ ಬೇರೆ ಬೇರೆ ಅಂದಿತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಒಟ್ಟು ನೋಟ ಒಂದೇ ಆದರೆ ಸಾಕು ಅಂದಿತು. ಮೈಸೂರಿನವರು ಸೋತರು.

ಇನ್ನು ‘ನಾವು ರಿಜಿಸ್ಟರ್ ಮಾಡಿಸಿಲ್ಲವಲ್ಲ’ ಅನ್ನೋ ಹೆದರಿಕೆ. ಅವರದೂ ಬರೀ ಅರ್ಜಿ ಅಲ್ವಾ? ಹೆಸರಿನ ಪಕ್ಕ ಸಣ್ಣಗೆ ಟಿಎಂ ಅಂತ ಯಾರು ಬೇಕಾದರೂ ಹಾಕಿಕೊಳ್ಳಬಹುದು. ವೃತ್ತದೊಳಗಿನ ಆರ್ ಮಾತ್ರ ರಿಜಿಸ್ಟರ್ ಆದಮೇಲೆ, ಅದಕ್ಕೂ ಮೊದಲು ಹಾಕಿದರೆ ಅಪರಾಧ. ರಿಜಿಸ್ಟರ್ ಆಗದ ಹೆಸರಿನ ಮೇಲೆ ಉಲ್ಲಂಘನೆ ಕೇಸು ನಡೆಯೋದೇ ಇಲ್ಲ. ಉಳಿಯೋದು ಪಾಸಿಂಗ್ ಆಫ್, ಅಂದರೆ ತನ್ನ ಮಾಲನ್ನು ಇನ್ನೊಬ್ಬರ ಮಾಲು ಅಂತ ದಾಟಿಸುವುದು. ಅಲ್ಲಿ ಮೊದಲು ಬಳಸಿದವರ ಕೈ ಮೇಲು, ಅಂದರೆ ನಿಮ್ಮದು.

ನಾಳೆ ಅವರಿಗೆ ಸರ್ಟಿಫಿಕೇಟ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಕಲಮು ಇದೆ. ಅವರು ಹೆಸರು ಬಳಸಲು ಶುರು ಮಾಡಿದ ದಿನ, ಅರ್ಜಿ ಹಾಕಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದಕ್ಕಿಂತ ಹಿಂದಿನಿಂದ ನೀವು ಬಿಡದೇ ಬಳಸಿಕೊಂಡು ಬಂದಿದ್ದರೆ ನಿಮ್ಮನ್ನು ತಡೆಯೋಕೆ ಆಗಲ್ಲ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ, ಅಂದರೆ ಕತ್ತಲ ಅಂಗಡಿಯ ಹಲ್ವಾ, ಆ ಹೆಸರಿನ ಜಗಳ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಎರಡೂ ಕಡೆಯವರ ಹತ್ತಿರ ಸರ್ಟಿಫಿಕೇಟ್ ಇತ್ತು! ಆದರೂ ಮೊದಲು ಬಳಸಿದವರ ಹಕ್ಕೇ ದೊಡ್ಡದು ಅಂತ ಆಯಿತು.

ಆದರೆ 2015ರಿಂದ ಮಾರುತ್ತಿದ್ದೇವೆ ಅಂತ ಬಾಯಲ್ಲಿ ಹೇಳಿದರೆ ಯಾರೂ ಕೇಳಲ್ಲ, ಕಾಗದ ಬೇಕು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಮೊದಲ ಲೇಬಲ್ ಹಾಕಿಸಿದ ಪ್ರೆಸ್ಸಿನ ಬಿಲ್. ಅದರಲ್ಲಿ ತಾರೀಖು, ಹೆಸರು ಎರಡೂ ಇರುತ್ತವೆ. ನಿಮ್ಮಲ್ಲಿ ಇಲ್ಲದಿದ್ದರೆ ಪ್ರೆಸ್ಸಿನವರ ಕಾರ್ಬನ್ ಪ್ರತಿ ಕೇಳಿ. ಆಮೇಲೆ ಅಂಗಡಿಗಳಿಗೆ ಕೊಟ್ಟ ಬಿಲ್, ಉದ್ರಿ ಪುಸ್ತಕ, ಬಸ್ಸಿನಲ್ಲಿ ಪಾರ್ಸಲ್ ಹಾಕಿದ ಚೀಟಿ, ಮೇಳದಲ್ಲಿ ಮಳಿಗೆ ಹಿಡಿದ ರಸೀದಿ, ಹಳೇ ಫೋನಿನಲ್ಲಿರುವ ವಾಟ್ಸಾಪ್ ಆರ್ಡರು. ಆ ಫೋನನ್ನು ದಯವಿಟ್ಟು ಎಕ್ಸ್‌ಚೇಂಜಿಗೆ ಕೊಡಬೇಡಿ. ಹುಬ್ಬಳ್ಳಿಯ ಮಾಲು ನಿಮ್ಮದೇ ಅಂತ ತಿಳಿದು ನಿಮಗೆ ಫೋನ್ ಮಾಡಿ ಬೈದವರಿದ್ದರೆ ಅವರ ಮೆಸೇಜೂ ಇಟ್ಟುಕೊಳ್ಳಿ. ಆವತ್ತು ಬೇಜಾರಾಗಿರುತ್ತೆ, ಆದರೆ ಗೊಂದಲ ಆಗಿದೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಸಿಗಲ್ಲ.

ಇದರ ಜೊತೆಗೇ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಅವರ ಅರ್ಜಿ ಎಲ್ಲಿಗೆ ಬಂದಿದೆ ನೋಡಿ, ದುಡ್ಡು ಕೊಡಬೇಕಿಲ್ಲ. ಜರ್ನಲಿನಲ್ಲಿ, ಅಂದರೆ ಅರ್ಜಿಗಳನ್ನು ಪ್ರಕಟಿಸುವ ರಿಜಿಸ್ಟ್ರಿಯ ಪತ್ರಿಕೆಯಲ್ಲಿ, ಪ್ರಕಟವಾಗಿದ್ದರೆ ಆ ದಿನದಿಂದ 4 ತಿಂಗಳ ಒಳಗೆ ವಿರೋಧ ಸಲ್ಲಿಸಬೇಕು. ಒಂದು ದಿನ ತಡವಾದರೂ ಆ ಬಾಗಿಲು ಮುಚ್ಚುತ್ತೆ. ನೋಟಿಸಿನ 15 ದಿನ ಅವರ ವಕೀಲರು ಬರೆದದ್ದು, ಈ 4 ತಿಂಗಳು ಕಾನೂನು ಬರೆದದ್ದು, ಯಾವುದಕ್ಕೆ ಜಾಸ್ತಿ ಹೆದರಬೇಕು ನೀವೇ ನೋಡಿ. ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ, ಅಂದರೆ ರಿಜಿಸ್ಟ್ರಿ ಮಾಡಿರುವ ಮಾಲಿನ ಒಂದು ಗುಂಪಿಗೆ, 2700 ರೂಪಾಯಿ. ನಿಮ್ಮ ವಿರೋಧದ ಪ್ರತಿ ಕೈಸೇರಿದ 2 ತಿಂಗಳಲ್ಲಿ ಅವರು ಉತ್ತರ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ.

ನಿಮ್ಮದೂ ಒಂದು ಅರ್ಜಿ ಈಗಲೇ ಹಾಕಿಬಿಡಿ. ರೊಟ್ಟಿ, ಚಟ್ನಿಪುಡಿ 30ನೇ ವರ್ಗ. ವ್ಯಕ್ತಿಗೆ, ಸಣ್ಣ ಉದ್ಯಮಕ್ಕೆ ಆನ್‌ಲೈನಿನಲ್ಲಿ 4500 ರೂಪಾಯಿ. ‘2015ರಿಂದ ಬಳಕೆ’ ಅಂತ ನಮೂದಿಸಿ ಅಫಿಡವಿಟ್, ಅಂದರೆ ಪ್ರಮಾಣ ಮಾಡಿದ ಹೇಳಿಕೆ ಕೊಡಿ. ಸುಮಾರು ಜನ ಇಲ್ಲಿ ಎಡವುತ್ತಾರೆ. ತುಂಬಿಕೊಡುವ ಹುಡುಗ ‘ಇನ್ನು ಮುಂದೆ ಬಳಸಲಿದ್ದೇವೆ’ ಅನ್ನೋದನ್ನು ಒತ್ತಿಬಿಡುತ್ತಾನೆ, ಹತ್ತು ವರ್ಷದ ದುಡಿಮೆ ಒಂದು ಕ್ಲಿಕ್ಕಿಗೆ ಹೋಯಿತು. ನೋಟಿಸಿಗೆ ಉತ್ತರ ಸಣ್ಣದಿರಲಿ, ವಕೀಲರ ಕೈಯಿಂದ ಹೋಗಲಿ.

ಪ್ರಶ್ನೆ: ಧಾರವಾಡ ಪೇಡಾ ಅಂಗಡಿ ಹಾಕುತ್ತಿದ್ದೇವೆ. ‘ಧಾರವಾಡ ಪೇಡಾ’ ಅನ್ನೋದನ್ನೇ ನಮ್ಮ ಟ್ರೇಡ್‌ಮಾರ್ಕ್ ಮಾಡಿಸಬಹುದಾ?

ಉತ್ತರ: ಆಗಲ್ಲ. ಅದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಇದೆ. ಬ್ಯಾಡಗಿ ಮೆಣಸಿನಕಾಯಿಗೂ ಇದೆ. ಅದು ಊರಿನ ಹೆಸರು, ಒಬ್ಬರ ಜೇಬಿಗೆ ಹೋಗಲ್ಲ. ನಿಮ್ಮ ಮನೆತನದ್ದೋ ಅಜ್ಜಿಯದ್ದೋ ಹೆಸರಿಟ್ಟು ಅದನ್ನು ರಿಜಿಸ್ಟರ್ ಮಾಡಿಸಿ. ಜಿಐ ಅಡಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವ ವ್ಯವಸ್ಥೆ ಬೇರೆ ಇದೆ, ಅದಕ್ಕೂ ಅರ್ಜಿ ಹಾಕಿ.

ಪ್ರಶ್ನೆ: ಹಾವೇರಿಯಲ್ಲಿ ನಮ್ಮದು ಖಾನಾವಳಿ. ಇದೇ ಹೆಸರಿನಲ್ಲಿ ಬೇರೆಯವರ ತುಪ್ಪ ಮಾರಾಟಕ್ಕಿದೆ. ತೊಂದರೆ ಆಗುತ್ತಾ?

ಉತ್ತರ: ನಂದಿನಿ ಕೇಸು ಓದಿ. ಕೆಎಂಎಫ್ ನಂದಿನಿ 1985ರಿಂದ, ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲು 1989ರಿಂದ. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರಲ್ಲಿ ಹೋಟೆಲಿನವರು ಗೆದ್ದರು, ಆದರೆ ಹಾಲು ಮತ್ತು ಹಾಲಿನ ಪದಾರ್ಥಕ್ಕೆ ಆ ಹೆಸರು ಸಿಗಲಿಲ್ಲ. ನೀವೂ ಊಟ ಬಡಿಸಿಕೊಂಡಿರಿ. ಗಲ್ಲಾದ ಪಕ್ಕ ಅದೇ ಹೆಸರಿನ ತುಪ್ಪದ ಡಬ್ಬಿ ಮಾತ್ರ ಜೋಡಿಸಬೇಡಿ.