ಕೂಸಿನ ಇಸಬು: ಎಷ್ಟು ಹಚ್ಚಬೇಕು, ಯಾವಾಗ ನಿಲ್ಲಿಸಬೇಕು

ಪ್ರಶ್ನೆ: ನಮ್ಮ ಕೂಸಿಗೆ ಏಳು ತಿಂಗಳು. ಎರಡೂ ಗಲ್ಲ ಕೆಂಪಾಗಿ ಒರಟಾಗಿವೆ, ಕಾಲ ಮೇಲೆ ಒಣ ಪೊರೆ ಏಳುತ್ತದೆ. ರಾತ್ರಿಯೆಲ್ಲ ಮುಖವನ್ನು ನನ್ನ ಭುಜಕ್ಕೆ ತಿಕ್ಕುತ್ತ ಅಳುತ್ತಾನೆ. ದಿನಾ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಬಿಸಿ ಬಿಸಿ ನೀರು ಎರೆದು ಲೋಬಾನದ ಹೊಗೆ ಹಾಕುತ್ತೇವೆ. ಬೋರ್‌ವೆಲ್ಲಿನ ಗಡಸು ನೀರೇ ಇದಕ್ಕೆ ಕಾರಣವೇ?
– ಒಬ್ಬ ತಾಯಿ, ಆಳಂದ

ಉತ್ತರ: ನೀವು ಬರೆದದ್ದು ಅಟೋಪಿಕ್ ಡರ್ಮಟೈಟಿಸ್, ಅಂದರೆ ಕೂಸುಗಳ ಇಸಬಿಗೆ ಹೊಂದುತ್ತದೆ. ವರ್ಷದೊಳಗಿನ ಮಕ್ಕಳಿಗೆ ಇದು ಗಲ್ಲ, ನೆತ್ತಿ, ಕೈಕಾಲುಗಳ ಹೊರಮೈ ಮೇಲೆ ಏಳುತ್ತದೆ. ಲಂಗೋಟಿ ಕಟ್ಟುವ ಜಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಇದು ರಕ್ತ ಕೆಟ್ಟದ್ದಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತುವುದೂ ಇಲ್ಲ. ಇಂಥ ಮಕ್ಕಳ ಚರ್ಮದ ಮೇಲ್ಪದರಕ್ಕೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಒಳಗಿನ ತೇವ ಹೊರಹೋಗಿ, ಹೊರಗಿನ ಸೋಪು, ಧೂಳು ಒಳಗಿಳಿದು ತುರಿಕೆ ಎಬ್ಬಿಸುತ್ತವೆ. ತುರಿಸಿದಷ್ಟೂ ಪದರ ಇನ್ನಷ್ಟು ಹರಿಯುತ್ತದೆ.

ಗಡಸು ನೀರಿರುವ ಊರುಗಳಲ್ಲಿ ಇಸಬು ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ, ನಿಜ. ಆದರೆ ಇಂಗ್ಲೆಂಡಿನಲ್ಲಿ ಇಸಬಿದ್ದ ಮಕ್ಕಳ ಮನೆಗಳಿಗೆ ನೀರು ಮೆದುಗೊಳಿಸುವ ಯಂತ್ರ ಕೂರಿಸಿ ನೋಡಿದಾಗ (2011) ಅದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಯಂತ್ರಕ್ಕೆ ಸುರಿಯುವ ಹಣವನ್ನು ಕ್ರೀಮಿಗೆ ಇಟ್ಟುಕೊಳ್ಳಿ. ಗಡಸು ನೀರಿನಲ್ಲಿ ಸೋಪು ನೊರೆಯಾಗದೆ ಜಿಡ್ಡಾಗಿ ಮೈಗೆ ಅಂಟಿ ಉಳಿಯುತ್ತದೆ, ಆದ್ದರಿಂದ ಬಿಡಬೇಕಾದದ್ದು ಸೋಪನ್ನು. ಕಡಲೆಹಿಟ್ಟಿನ ತರಿ ಚರ್ಮವನ್ನು ಗೀರುತ್ತದೆ, ಸುಡುನೀರು ಇದ್ದಬದ್ದ ಜಿಡ್ಡನ್ನೂ ತೊಳೆದು ಹಾಕುತ್ತದೆ. ಲೋಬಾನದ ಹೊಗೆಯಂತೂ ಕೂಸಿನ ಚರ್ಮಕ್ಕೂ ಬೇಡ, ಎದೆಗೂ ಬೇಡ.

ಕೂಸಿಗೆ ಎರೆಯುವ ಹಿರಿಯರಿಗೆ ಇದನ್ನು ಓದಿ ಹೇಳಿ: ನೀರು ಮೊಣಕೈಗೆ ಬೆಚ್ಚಗೆ ಹತ್ತಿದರೆ ಸಾಕು, ಬಿಸಿ ಎನಿಸಬಾರದು. ಜಳಕ 5ರಿಂದ 10 ನಿಮಿಷ, ದಿನಕ್ಕೆ ಒಮ್ಮೆ. ಕುತ್ತಿಗೆಯ ಮಡಿಕೆ, ಕಂಕುಳು, ಕುಂಡೆಗೆ ಮಾತ್ರ ಸೋಪಿಲ್ಲದ, ವಾಸನೆಯಿಲ್ಲದ ಕ್ಲೆನ್ಸರ್. ಹಳೆಯ ಧೋತರದ ಮೆತ್ತನೆ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಮೈ ಇನ್ನೂ ಹಸಿಯಾಗಿರುವಾಗಲೇ, ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಹಚ್ಚಿ. ಆ ತೇವ ಆರಿದ ಮೇಲೆ ಹಚ್ಚಿದರೆ ಅರ್ಧ ಲಾಭ ಹೋದಂತೆ. ಕೂದಲು ಬೆಳೆಯುವ ದಿಕ್ಕಿಗೆ ಕೆಳಮುಖವಾಗಿ ಸವರಿ. ತಿಕ್ಕಿದರೆ ಕೂದಲ ಬುಡದಲ್ಲಿ ಗುಳ್ಳೆ ಏಳುತ್ತವೆ.

ಬಹಳ ಮನೆಗಳಲ್ಲಿ ತಪ್ಪುವುದು ಅಳತೆ. ಈ ವಯಸ್ಸಿನ ಕೂಸಿಗೆ ವಾರಕ್ಕೆ ಸುಮಾರು 100 ಗ್ರಾಂ ಬೇಕು, ದಿನಕ್ಕೆ ಎರಡು ಮೂರು ಸಲ, ಇಸಬಿಲ್ಲದ ಜಾಗಕ್ಕೂ. 50 ಗ್ರಾಮಿನ ಟ್ಯೂಬು ತಿಂಗಳು ಬಂದಿದೆ ಅಂದರೆ ಹಚ್ಚಿದ್ದು ಸಾಲದು. ದುಬಾರಿಯದೇ ಆಗಬೇಕಿಲ್ಲ, ವಾಸನೆ ಇಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಒಳ್ಳೆಯದೇ. ಆದರೆ ಕಲಬುರಗಿಯ ಮೇ ತಿಂಗಳಲ್ಲಿ, 42 ಡಿಗ್ರಿ ದಾಟಿದ ಬಿಸಿಲಿಗೆ, ಜೆಲ್ಲಿ ಬೆವರನ್ನು ಕಟ್ಟಿ ಬೆವರುಗುಳ್ಳೆ ಎಬ್ಬಿಸುತ್ತದೆ. ಬೇಸಿಗೆಯಲ್ಲಿ ತೆಳುವಾದ ಕ್ರೀಮು ಬಳಸಿ, ಜೆಲ್ಲಿಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಗಾಣದ ಕೊಬ್ಬರಿ ಎಣ್ಣೆ ಆಗಬಹುದು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ. ಡಬ್ಬಿಗೆ ಬೆರಳು ಅದ್ದದೆ ಒಣ ಚಮಚದಿಂದ ತೆಗೆಯಿರಿ. ಜೆಲ್ಲಿ ಹತ್ತಿದ ಬಟ್ಟೆಗೆ ಬೇಗ ಬೆಂಕಿ ಹಿಡಿಯುತ್ತದೆ, ಒಲೆ, ದೀಪದ ಹತ್ತಿರ ಜೋಕೆ.

ಇನ್ನೊಂದು ಮಾತು. ತೊಗರಿ ರಾಶಿ ನಡೆಯುವ ದಿನಗಳಲ್ಲಿ ಹೊಲದಿಂದ ಬಂದವರು ಕೈಮುಖ ತೊಳೆದು, ಬಟ್ಟೆ ಬದಲಿಸಿ ಕೂಸನ್ನು ಎತ್ತಿಕೊಳ್ಳಲಿ. ಉಣ್ಣೆಯ ಕುಲಾವಿ ನೇರ ಗಲ್ಲಕ್ಕೆ ತಾಗದಂತೆ ಒಳಗೊಂದು ಹತ್ತಿ ಬಟ್ಟೆ ಇರಲಿ.

ಪ್ರಶ್ನೆ: ಮೂರು ವರ್ಷದ ಮಗಳಿಗೆ ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ಇಸಬು. ಡಾಕ್ಟರು ಸ್ಟೀರಾಯ್ಡ್ ಮುಲಾಮು ಬರೆದಿದ್ದಾರೆ. ಚರ್ಮ ತೆಳ್ಳಗಾಗುತ್ತದೆ ಎಂದು ಹೆದರಿ ಎರಡು ದಿನ ಹಚ್ಚಿ ಬಿಡುತ್ತೇವೆ, ನಾಲ್ಕನೇ ದಿನಕ್ಕೆ ಮತ್ತೆ ಹಾಜರು.
– ಹುಮನಾಬಾದ್ ಓದುಗರು

ಉತ್ತರ: ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ಒಳಗಿನ ಉರಿಯೂತ ಇಳಿದಿರುವುದಿಲ್ಲ. ಅದಕ್ಕೇ ಮರಳಿ ಬರುತ್ತದೆ. ದಿನಕ್ಕೊಮ್ಮೆ ಹಚ್ಚಿ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಆ ಜಾಗ ಪಕ್ಕದ ಚರ್ಮದಷ್ಟೇ ನುಣುಪಾಗಿ ಹತ್ತಬೇಕು, ಅಲ್ಲಿಯವರೆಗೆ ನಿಲ್ಲಿಸಬೇಡಿ. ಸಾಮಾನ್ಯವಾಗಿ ಒಂದರಿಂದ ಎರಡು ವಾರ ಹಿಡಿಯುತ್ತದೆ. ಪದೇ ಪದೇ ಮರಳುವ ಜಾಗವಾದರೆ, ನುಣುಪಾದ ಮೇಲೂ ವಾರಕ್ಕೆ ಎರಡು ದಿನ ಅಲ್ಲೇ ಹಚ್ಚುವ ಪದ್ಧತಿ ಇದೆ. ನಿಮ್ಮ ವೈದ್ಯರನ್ನು ಕೇಳಿ ಶುರುಮಾಡಿ.

ಅಳತೆ ಹೀಗೆ: ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಇದು ದೊಡ್ಡವರ ಎರಡು ಅಂಗೈ (ಬೆರಳೂ ಸೇರಿ) ಅಗಲದ ಜಾಗಕ್ಕೆ ಸಾಕು. ಮಾಯಿಶ್ಚರೈಸರಿಗೂ ಮುಲಾಮಿಗೂ ನಡುವೆ 15ರಿಂದ 30 ನಿಮಿಷ ಬಿಡಿ, ಇಲ್ಲದಿದ್ದರೆ ಒಂದರಲ್ಲೊಂದು ಕಲೆತು ಮದ್ದು ತೆಳುವಾಗುತ್ತದೆ.

ನಿಮ್ಮ ಹೆದರಿಕೆ ಪೂರ್ತಿ ಸುಳ್ಳಲ್ಲ. ತೀಕ್ಷ್ಣ ಸ್ಟೀರಾಯ್ಡನ್ನು ಮುಖಕ್ಕೆ, ಮಡಿಕೆಗಳಿಗೆ, ಡೈಪರಿನೊಳಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ವೈದ್ಯರು ಮುಖಕ್ಕೆ 1% ಹೈಡ್ರೋಕಾರ್ಟಿಸೋನಿನಂಥ ಮೆತ್ತನೆಯದನ್ನು, ಮೈಗೆ ಸ್ವಲ್ಪ ಬಲವಾದದ್ದನ್ನು ಬೇರೆ ಬೇರೆಯಾಗಿ ಬರೆಯುವುದು ಅದಕ್ಕೇ. ಎರಡು ಟ್ಯೂಬನ್ನು ಅದಲುಬದಲು ಮಾಡಬೇಡಿ, ಮೇಲೆ 'ಮುಖ', 'ಮೈ' ಎಂದು ಬರೆದಿಡಿ. ನಿಜವಾಗಿ ಹೆದರಬೇಕಾದದ್ದು ಚೀಟಿಯಿಲ್ಲದೆ ಮೆಡಿಕಲ್‌ನಲ್ಲಿ ಸಿಗುವ ಮಿಶ್ರಣದ ಕ್ರೀಮುಗಳಿಗೆ: ಕ್ಲೋಬೆಟಸಾಲ್ ಅಥವಾ ಬೆಟಮೆಥಸೋನ್ ಎಂಬ ತೀಕ್ಷ್ಣ ಸ್ಟೀರಾಯ್ಡ್ ಜೊತೆ ಹುಳುಕಡ್ಡಿಯ ಮದ್ದು, ಆ್ಯಂಟಿಬಯಾಟಿಕ್ ಎಲ್ಲ ಕಲೆಸಿದವು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಟ್ಯೂಬಿನ ಹಿಂದೆ ಈ ಹೆಸರುಗಳಿದ್ದರೆ ವೈದ್ಯರಿಗೆ ತೋರಿಸದೆ ಮಗುವಿಗೆ ಹಚ್ಚಬೇಡಿ.

ಇಸಬು ಮಾಗಿದ ಮೇಲೆ ಉಳಿಯುವ ಮಾಸಲು ಬಿಳಿ ಮಚ್ಚೆ ಸಾಮಾನ್ಯವಾಗಿ ತೊನ್ನಲ್ಲ. ಕೆಲವು ತಿಂಗಳಲ್ಲಿ ಬಣ್ಣ ಕೂಡಿಕೊಳ್ಳುತ್ತದೆ.

ಪ್ರಶ್ನೆ: ಹಾಲು ಕುಡಿಸುವ ತಾಯಿ ಬದನೆಕಾಯಿ, ತೊಗರಿಬೇಳೆ, ತತ್ತಿ ಬಿಡಬೇಕು, ನಂಜಾಗುತ್ತದೆ ಎನ್ನುತ್ತಾರೆ. ಕೂಸಿಗೆ ಶೇಂಗಾ ಕೊಡಲೇಬಾರದೇ?
– ಶಹಾಪುರ

ಉತ್ತರ: ಬಿಡಬೇಡಿ. ಹೆಚ್ಚಿನ ಮಕ್ಕಳಲ್ಲಿ ಇಸಬಿಗೆ ಆಹಾರ ಕಾರಣವಲ್ಲ. ಬಾಣಂತಿ ಬೇಳೆ, ತತ್ತಿ ಬಿಟ್ಟರೆ ಸೊರಗುವವಳು ಅವಳೇ. ಒಂದು ಪದಾರ್ಥ ಕೂಸಿನ ಬಾಯಿಗೆ ಬಿದ್ದು ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಪಿತ್ತಗಂಧೆ, ತುಟಿ ಊತ, ವಾಂತಿ ಆದರೆ ಅದು ಅಲರ್ಜಿಯ ಗುರುತು. ಅದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಶೇಂಗಾದ ಬಗ್ಗೆ 2015ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನ ಹಳೆಯ ನಂಬಿಕೆಯನ್ನು ತಿರುವಿಹಾಕಿತು. ತೀವ್ರ ಇಸಬು ಅಥವಾ ತತ್ತಿ ಅಲರ್ಜಿ ಇದ್ದ ಮಕ್ಕಳಲ್ಲಿ, ವರ್ಷ ತುಂಬುವ ಮೊದಲೇ ಶೇಂಗಾ ತಿನ್ನತೊಡಗಿದವರಿಗೆ ಮುಂದೆ ಶೇಂಗಾ ಅಲರ್ಜಿ ಬಂದದ್ದು ಬಹಳ ಕಡಿಮೆ. ಇಸಬು ಜೋರಿದ್ದರೆ ಮೊದಲು ವೈದ್ಯರನ್ನು ಕೇಳಿ. ಸೌಮ್ಯವಾಗಿದ್ದರೆ ಆರು ತಿಂಗಳು ತುಂಬಿದ ಮೇಲೆ, ಹುರಿದು ನುಣ್ಣಗೆ ಅರೆದ ಶೇಂಗಾವನ್ನು ಗಂಜಿಯಲ್ಲಿ ತೆಳುವಾಗಿ ಕಲೆಸಿ ಚಮಚದ ತುದಿಯಷ್ಟರಿಂದ ಶುರುಮಾಡಿ. ಖಾರದ ಶೇಂಗಾ ಹಿಂಡಿ ಬೇಡ. ಇಡೀ ಕಾಳಂತೂ ಐದು ವರ್ಷದವರೆಗೆ ಬೇಡವೇ ಬೇಡ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಮಗುವಿನ ಇಸಬಿಗೆ ಎಷ್ಟು ಹಚ್ಚಿದರೂ ಗುಣವಿಲ್ಲ. ಈಗ ಮನೆಯವರಿಗೆಲ್ಲ ರಾತ್ರಿ ತುರಿಕೆ.
– ಭಾಲ್ಕಿ

ಉತ್ತರ: ಇದು ಕಜ್ಜಿ ಇರಬಹುದು. ಕೂಸಿನ ಅಂಗೈ, ಅಂಗಾಲು, ಕಂಕುಳಲ್ಲಿ ಗುಳ್ಳೆಗಳಿವೆಯೇ ನೋಡಿ. ಸ್ಟೀರಾಯ್ಡ್ ಹಚ್ಚಿದರೆ ಕಜ್ಜಿ ಮರೆಯಾಗಿ ಒಳಗೊಳಗೇ ಹಬ್ಬುತ್ತದೆ. ವೈದ್ಯರು ಖಚಿತಪಡಿಸಿದರೆ 5% ಪರ್ಮೆಥ್ರಿನ್ ಕ್ರೀಮನ್ನು ಮನೆಯವರೆಲ್ಲರೂ, ತುರಿಕೆ ಇಲ್ಲದವರೂ, ಒಂದೇ ರಾತ್ರಿ ಹಚ್ಚಿಕೊಂಡು 8ರಿಂದ 12 ಗಂಟೆ ಬಿಟ್ಟು ತೊಳೆಯಬೇಕು. ಒಂದು ವಾರದ ನಂತರ ಮತ್ತೊಮ್ಮೆ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಕೌದಿಯನ್ನು ಒಗೆಯಲಾಗದಿದ್ದರೆ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ.

ಪ್ರಶ್ನೆ: ದವಾಖಾನೆಗೆ ಓಡಬೇಕಾದದ್ದು ಯಾವಾಗ?
– ಸುರಪುರ

ಉತ್ತರ: ಇಸಬಿನ ಮೇಲೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿ ರಸಿಗೆ ಸೋರಿದರೆ ಸೋಂಕು ಹತ್ತಿದೆ, ಮರುದಿನದೊಳಗೆ ತೋರಿಸಿ. ಜ್ವರದ ಜೊತೆ ಒಂದೇ ಅಳತೆಯ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು ಚಿಕ್ಕ ಚಿಕ್ಕ ಗುಂಡು ಹುಣ್ಣಾದರೆ ಅದು ಹರ್ಪಿಸ್ ವೈರಸ್ ಇರಬಹುದು. ಕಣ್ಣಿನ ಹತ್ತಿರವಿದ್ದರೆ ದೃಷ್ಟಿಗೇ ಅಪಾಯ. ಬೆಳಗಾಗಲಿ ಎಂದು ಕಾಯದೆ ಅದೇ ಹೊತ್ತಿಗೆ ಯಾದಗಿರಿ ಅಥವಾ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಒಯ್ಯಿರಿ. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದವರು, ಯಾರೇ ಇರಲಿ, ಇಸಬಿರುವ ಕೂಸಿಗೆ ಮುತ್ತು ಕೊಡಬಾರದು.