ಓದುಗರ ಪ್ರಶ್ನೆ, ನಮ್ಮ ಉತ್ತರ: ನದಿ ಯಾಕೆ ಸೊಟ್ಟಗೆ ಹರಿಯುತ್ತೆ?

ಪ್ರಶ್ನೆ: ಸರ್, ನೀರು ಇಳಿಜಾರು ನೋಡ್ಕೊಂಡು ಹರಿಯುತ್ತೆ ಅಂತ ಸ್ಕೂಲಲ್ಲಿ ಕಲಿಸ್ತಾರೆ. ಹಾಗಿದ್ರೆ ಬಯಲಿಗೆ ಬಂದ ನದಿ ನೆಟ್ಟಗೆ ಹೋಗೋದು ಬಿಟ್ಟು ಸುತ್ತಿ ಬಳಸಿ ಯಾಕೆ ಹೋಗುತ್ತೆ?

ಉತ್ತರ: ಒಳ್ಳೆ ಪ್ರಶ್ನೆ. ಬೆಟ್ಟದಲ್ಲಿ ಇಳಿಜಾರು ಜಾಸ್ತಿ, ಅಲ್ಲಿ ನದಿ ಕೆಳಕ್ಕೆ ಕೊರೆಯುತ್ತೆ, ಅದಕ್ಕೇ ಕಣಿವೆ ಆಗೋದು. ಬಯಲಿಗೆ ಬಂದ್ಮೇಲೆ ಕೆಳಕ್ಕೆ ಕೊರೆಯೋದು ಕಮ್ಮಿ ಆಗಿ ಪಕ್ಕಕ್ಕೆ ಕೊರೆಯೋಕೆ ಶುರು ಮಾಡುತ್ತೆ. ಎಲ್ಲೋ ಒಂದು ಕಡೆ ಚೂರು ತಿರುವು ಸಿಕ್ಕಿದ್ರೆ ಸಾಕು, ತಿರುವಿನ ಹೊರಗಡೆ ನೀರು ಜೋರಾಗಿ ಹೋಗಿ ದಡ ಕುಸಿಯುತ್ತೆ, ಒಳಗಡೆ ನಿಧಾನ ಆಗಿ ಮರಳು ಕೂರುತ್ತೆ, ಹೀಗೆ ಒಂದು ದಡ ತಿನ್ಕೊಂಡು ಇನ್ನೊಂದು ದಡ ಕಟ್ಕೊಂಡು ತಿರುವು ದೊಡ್ಡದಾಗ್ತಾ ಹೋಗುತ್ತೆ. ಮುಂದಿನ ಸಲ ನದಿ ದಡದಲ್ಲಿ ನಿಂತಾಗ ಗಮನಿಸಿ, ಒಂದು ಕಡೆ ಗೋಡೆ ಥರ ಕಡಿದಾದ ದಡ, ಎದುರಿಗೆ ಮರಳಿನ ದಿಣ್ಣೆ ಇರುತ್ತೆ. ಈಜೋರಿಗೆ ಇದು ಗೊತ್ತಿರಲೇಬೇಕು, ಕಡಿದಾದ ಕಡೆ ಆಳ ಜಾಸ್ತಿ, ಸೆಳೆತಾನೂ ಜಾಸ್ತಿ.

ಕೊನೆಗೆ ತಿರುವಿನ ಎರಡೂ ತುದಿ ಹತ್ತಿರ ಹತ್ತಿರ ಬಂದು ಒಂದು ಪ್ರವಾಹದಲ್ಲಿ ನದಿ ನಡುವಿನ ಮಣ್ಣು ಕೊಚ್ಚಿ ಅಡ್ಡದಾರಿ ಹಿಡಿಯುತ್ತೆ, ಹಳೇ ತಿರುವು ಕುದುರೆ ಲಾಳಾಕಾರದ ಸರೋವರ ಆಗಿ ಉಳಿಯುತ್ತೆ. ಅಮೆರಿಕದ ಅರ್ಕನ್ಸಾದಲ್ಲಿರೋ ಶೀಕೊ ಸರೋವರ ಹಿಂಗೇ ಮಿಸಿಸಿಪ್ಪಿ ನದಿ ಬಿಟ್ಟುಹೋದ ತಿರುವು.

ಪ್ರಶ್ನೆ: ಪ್ರವಾಹ ಬರುತ್ತೆ ಅಂತ ಗೊತ್ತಿದ್ದೂ ಜನ ನದಿ ಪಕ್ಕದಲ್ಲೇ ಯಾಕೆ ಇರ್ತಾರೆ?

ಉತ್ತರ: ಮೆಕ್ಕಲು ಮಣ್ಣಿಗೋಸ್ಕರ. ಆ ಫಲವತ್ತಾದ ಬಯಲು ಇರೋದೇ ಪ್ರವಾಹದಿಂದ, ನೀರು ದಡ ಮೀರಿದಾಗೆಲ್ಲ ಹೂಳು ಹರಡಿ ಹರಡಿ ಆದ ನೆಲ ಅದು. ನದಿ ನಮ್ಮ ಜಾಗಕ್ಕೆ ನುಗ್ತು ಅಂತ ಟಿವಿಯಲ್ಲಿ ಹೇಳೋದು ಕೇಳಿದ್ರೆ ನನಗೆ ಸ್ವಲ್ಪ ನಗು ಬರುತ್ತೆ, ಜಾಗ ಅದರದ್ದೇ ಅಲ್ವಾ. ಕೋಸಿ ನದಿ ನೋಡಿ, ಹಿಮಾಲಯದಿಂದ ಅಷ್ಟೊಂದು ಹೂಳು ತರುತ್ತೆ, ತನ್ನ ಪಾತ್ರನೇ ತುಂಬಿಸ್ಕೊಂಡು ದಾರಿ ಬದಲಾಯಿಸುತ್ತೆ. ಎರಡೂ ಕಡೆ ಏರಿ ಕಟ್ಟಿದ್ರೂ ಹೂಳು ಒಳಗೇ ಕೂತು ನದಿ ತಳ ಮೇಲೇಳುತ್ತೆ. 2008ರ ಆಗಸ್ಟಲ್ಲಿ ನೇಪಾಳದ ಕುಸಹಾ ಹತ್ತಿರ ಏರಿ ಒಡೆದು ನದಿ ಹಳೇ ದಾರಿ ಹಿಡೀತು, ಬಿಹಾರದಲ್ಲಿ ಲಕ್ಷಗಟ್ಟಲೆ ಜನ ಮನೆ ಬಿಡಬೇಕಾಯ್ತು.

ಪ್ರಶ್ನೆ: “100 ವರ್ಷಕ್ಕೊಮ್ಮೆ ಬರೋ ಪ್ರವಾಹ” ಹೋದ ವರ್ಷ ಬಂತು ಅಂದ್ರೆ ಇನ್ನು 99 ವರ್ಷ ನಿಶ್ಚಿಂತೆನಾ?

ಉತ್ತರ: ಖಂಡಿತ ಇಲ್ಲ. ಅದರರ್ಥ ಪ್ರತಿ ವರ್ಷನೂ ಅಷ್ಟು ದೊಡ್ಡ ಪ್ರವಾಹ ಬರೋ ಚಾನ್ಸ್ 1% ಅಂತ. ದಾಳ ಹಾಕಿದಾಗ ಆರು ಬಿತ್ತು ಅಂತ ಮುಂದಿನ ಸಲ ಆರು ಬೀಳಲ್ಲ ಅನ್ನೋಕಾಗುತ್ತಾ? ಲೆಕ್ಕ ಹಾಕಿದ್ರೆ 30 ವರ್ಷದಲ್ಲಿ ಒಮ್ಮೆಯಾದ್ರೂ ಅಂಥ ಪ್ರವಾಹ ಬರೋ ಸಾಧ್ಯತೆ ಸುಮಾರು 26%. ಹೋಮ್ ಲೋನ್ ತೀರೋದ್ರೊಳಗೇ ಬರಬಹುದು.

ಪ್ರಶ್ನೆ: ಭೂಮಿ ಮೇಲೆ ಸಿಹಿನೀರು ಎಷ್ಟಿದೆ?

ಉತ್ತರ: ಒಟ್ಟು ನೀರಲ್ಲಿ 3%ಗಿಂತ ಕಮ್ಮಿ. ಅದ್ರಲ್ಲೂ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಹಿಮವಾಗಿ ಗಟ್ಟಿಯಾಗಿದೆ, ಉಳಿದಿದ್ದು ಹೆಚ್ಚುಕಮ್ಮಿ ಎಲ್ಲಾ ಅಂತರ್ಜಲ. ನದಿ ಕೆರೆ ಎಲ್ಲ ಸೇರಿದ್ರೂ ಚೂರೇ ಚೂರು.

ಪ್ರಶ್ನೆ: ಸುನಾಮಿ ಬರೋ ಮುಂಚೆ ಸಮುದ್ರ ಹಿಂದೆ ಸರಿಯುತ್ತೆ ಅಂತಾರೆ, ನಿಜನಾ?

ಉತ್ತರ: ಎಷ್ಟೋ ಸಲ ಹೌದು, ಪ್ರತಿಸಲ ಅಲ್ಲ. ಅಲೆಯ ತಗ್ಗಿನ ಭಾಗ ಮೊದಲು ದಡ ಮುಟ್ಟಿದ್ರೆ ನೀರು ಹಿಂದೆ ಹೋಗುತ್ತೆ. 2004ರ ಡಿಸೆಂಬರ್ 26ರಂದು ಥಾಯ್ಲೆಂಡಿನ ಫುಕೆಟ್ ಬೀಚಲ್ಲಿ 10 ವರ್ಷದ ಬ್ರಿಟಿಷ್ ಹುಡುಗಿಯೊಬ್ಬಳು ನೀರು ನೊರೆನೊರೆಯಾಗಿ ವಿಚಿತ್ರವಾಗಿ ಏರ್ತಿರೋದು ನೋಡಿ, ಜಿಯಾಗ್ರಫಿ ಕ್ಲಾಸಲ್ಲಿ ಕಲಿತಿದ್ದು ನೆನಪಾಗಿ ಅಪ್ಪ ಅಮ್ಮಂಗೆ ಹೇಳಿದ್ಳು, ಬೀಚ್ ಖಾಲಿ ಮಾಡಿಸಿದ್ರು, ಅಲ್ಲಿದ್ದೋರು ಉಳಿದ್ರು. ಸಮುದ್ರ ಹಿಂದೆ ಸರಿಯೋವರೆಗೂ ಕಾಯ್ಬೇಡಿ, ದಡದಲ್ಲಿದ್ದಾಗ ನೆಲ ಜೋರಾಗಿ, ತುಂಬಾ ಹೊತ್ತು ಅಲ್ಲಾಡಿದ್ರೆ ತಕ್ಷಣ ಎತ್ತರದ ಜಾಗಕ್ಕೆ ಹೋಗಿ. ಮೊದಲ ಅಲೆ ಹೋಯ್ತು ಅಂತ ವಾಪಸ್ ಇಳೀಬೇಡಿ, ಎರಡನೇದೋ ಮೂರನೇದೋ ಅದಕ್ಕಿಂತ ದೊಡ್ಡದಿರಬಹುದು, ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಒಂದು ಗಂಟೆವರೆಗೂ ಗ್ಯಾಪ್ ಇರಬಹುದು.