ಏನೂ ಇಲ್ಲದ ಹಳೆಯ ಫೋರ್ಡ್ ಕಾರಿಗಾಗಿ ಜನ ಯಾಕೆ ಇಷ್ಟು ವರ್ಷ ಸವೆಸುತ್ತಾರೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಬಾಗಿಲಿಗೆ ಗಾಜಿಲ್ಲದ, ಚಕ್ರಕ್ಕೆ ಮಡ್‌ಗಾರ್ಡ್ ಇಲ್ಲದ, ಎಂಜಿನ್ನಿನ ಮೇಲೆ ಮುಚ್ಚಳವೂ ಇಲ್ಲದ ತೊಂಬತ್ತು ವರ್ಷ ಹಳೆಯ ಫೋರ್ಡ್ ಕಾರನ್ನು ಅಮೆರಿಕದವರು ಇಂದಿಗೂ ಯಾಕೆ ಕೈಯಾರೆ ಕಟ್ಟುತ್ತಾರೆ ಎಂಬುದು ಒಂದು. ಹಾಟ್ ರಾಡ್ ಎಂದು ಕರೆಯುವ ಅಂಥ ಕಾರನ್ನು ಬೆಂಗಳೂರಿನಲ್ಲಿ ಕಟ್ಟಬಹುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲನೆಯದಕ್ಕೆ ಸ್ವಲ್ಪ ಪುರುಸೊತ್ತು ಬೇಕು.

ನಾನು ಬೆಳೆದದ್ದು ದಾವಣಗೆರೆಯಲ್ಲಿ, ಸೋದರಮಾವನ ಲಾರಿ ಗ್ಯಾರೇಜಿನ ಆಸುಪಾಸಿನಲ್ಲಿ. ಹನ್ನೆರಡು ವರ್ಷಗಳಿಂದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದ ಒಬ್ಬ ಅಜ್ಜ ಇದ್ದಾರೆ. ಒಂದು ಭಾನುವಾರ ಅವರ ಶೆಡ್ಡಿನ ಕಡೆಯಿಂದ ಸೀಮೆಎಣ್ಣೆಯಲ್ಲಿ ಬೇರಿಂಗ್ ತೊಳೆಯುವ ವಾಸನೆ ಬಂತು. ಮಾವನ ಗ್ಯಾರೇಜಿನದೇ ವಾಸನೆ. ಕಾಲು ತಾನಾಗಿ ಆ ಕಡೆ ಹೋಯಿತು. ಅಲ್ಲಿಂದ ಏಳು ವರ್ಷಗಳಲ್ಲಿ ಅವರ ಜೊತೆ ಒಂದು ಕಾರನ್ನು ಮುಗಿಸಿದ್ದೇನೆ, ನನ್ನದೇ ಒಂದನ್ನು ಅರ್ಧಕ್ಕೆ ತಂದಿದ್ದೇನೆ. ನನ್ನದಕ್ಕೆ 1929ರ ಫೋರ್ಡ್ ಮಾಡೆಲ್ ಎ ರೋಡ್‌ಸ್ಟರ್‌ನ (ಮೇಲೆ ತೆರೆದ ಕಾರು) ಮೈ, 1932ರ ಫೋರ್ಡ್‌ನ ಚಾಸಿ, 1940ರ ದಶಕದ ವಿ-8 (ಎಂಟು ಸಿಲಿಂಡರ್ ‘ವಿ’ ಆಕಾರದಲ್ಲಿ ಎರಡು ಸಾಲಾಗಿರುವ) ಎಂಜಿನ್.

ಅಜ್ಜನ ಕಾರನ್ನು ಮೊದಲ ಸಲ ಓಡಿಸಿದ ದಿನ ನನಗೆ ವೇಗಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಮುಂದಿನ ಚಕ್ರ. ಮಡ್‌ಗಾರ್ಡ್ ಇಲ್ಲವಾದ್ದರಿಂದ ಕುಳಿತಲ್ಲಿಂದಲೇ ಅದು ಕಾಣುತ್ತದೆ. ರಸ್ತೆಯ ಸಣ್ಣ ಉಬ್ಬಿಗೆ ಚಕ್ರ ಮೇಲೆದ್ದು ಇಳಿಯುವುದನ್ನು ನೋಡುತ್ತೀರಿ, ಅದರ ಮರುಕ್ಷಣ ಅದೇ ಉಬ್ಬು ಸ್ಟೀರಿಂಗ್ ಮೂಲಕ ಅಂಗೈಗೆ ಬರುತ್ತದೆ. ಸ್ಟೀರಿಂಗ್ ತಿರುಗಿಸಿದರೆ ಕಾರಿನ ಎಡ ಪಕ್ಕದಲ್ಲಿ ಒಂದು ಕಬ್ಬಿಣದ ಸರಳು ಹಿಂದೆ ಮುಂದೆ ಆಡುತ್ತದೆ. ಚಕ್ರ ತಿರುಗುವುದು ಅದರಿಂದ. ಕಾರಿನ ಉದ್ದಕ್ಕೂ ಹೀಗೆಯೇ. ಏನು ಮಾಡಿದರೆ ಏನಾಗುತ್ತದೆ ಎಂಬುದು ಬಯಲಿನಲ್ಲಿ ಇದೆ. ನನ್ನ ದಿನಬಳಕೆಯ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಹೊದಿಕೆ. ಅದರ ಕೆಳಗೆ ಏನು ನಡೆಯುತ್ತಿದೆ ಎಂದು ಎಂಜಿನಿಯರ್ ಆದ ನನಗೂ ಪೂರ್ತಿಯಾಗಿ ಹೇಳಲಾಗದು. ಹಾಟ್ ರಾಡ್‌ನ ಪ್ರತಿ ಬೋಲ್ಟು ಯಾಕೆ ಅಲ್ಲಿದೆ ಎಂದು ಹೇಳಬಲ್ಲೆ. ಇಡೀ ಯಂತ್ರ ಒಬ್ಬ ಮನುಷ್ಯನ ತಲೆಯೊಳಗೆ ಹಿಡಿಯುತ್ತದೆ. ನನ್ನ ಮಟ್ಟಿಗೆ ಈ ಹುಚ್ಚಿನ ಬೇರು ಇರುವುದು ಇಲ್ಲಿಯೇ. ಉಳಿದ ಕಾರಣಗಳೆಲ್ಲ ಇದರಿಂದ ಕವಲೊಡೆದವು.

ಇದು ಯಾರೋ ಕುಳಿತು ಯೋಚಿಸಿ ಮಾಡಿದ ಶೈಲಿಯಲ್ಲ ಎಂಬುದನ್ನೂ ತಿಳಿಯಬೇಕು. 1930ರ ದಶಕದಲ್ಲಿ ಲಾಸ್ ಏಂಜಲೀಸ್ ಸುತ್ತಲಿನ ಹುಡುಗರ ಕೈಗೆ ಎಟುಕುತ್ತಿದ್ದದ್ದು ಹೆಚ್ಚಾಗಿ ಹಳೆಯ ಫೋರ್ಡ್‌ಗಳು. ಮಾಡೆಲ್ ಟಿ ಒಂದೇ ಒಂದೂವರೆ ಕೋಟಿಗೂ ಹೆಚ್ಚು ತಯಾರಾಗಿತ್ತು; ಅದರ ನಂತರದ ಮಾಡೆಲ್ ಎ ನಾಲ್ಕೇ ವರ್ಷಗಳಲ್ಲಿ ಸುಮಾರು 48 ಲಕ್ಷ. ಊರಿನ ಉತ್ತರಕ್ಕೆ ಮೊಹಾವಿ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳಿವೆ. ಕೆರೆ ಎಂದರೆ ಮೈಲುಗಟ್ಟಲೆ ಚಪ್ಪಟೆಯಾಗಿ ಗಟ್ಟಿಯಾದ ಜೇಡಿಮಣ್ಣಿನ ಅಂಗಳ. ವಾರಾಂತ್ಯದಲ್ಲಿ ಅಲ್ಲಿಗೆ ಹೋಗಿ ಯಾರ ಕಾರು ಎಷ್ಟು ವೇಗ ಮುಟ್ಟುತ್ತದೆ ಎಂದು ಅಳೆಯುತ್ತಿದ್ದರು. ಶಕ್ತಿ ಹೆಚ್ಚಿಸಲು ದುಡ್ಡು ಬೇಕು. ತೂಕ ಇಳಿಸಲು ಒಂದು ಸ್ಪ್ಯಾನರ್ ಸಾಕು. ಹಾಗಾಗಿ ಮಡ್‌ಗಾರ್ಡ್ ಬಿಚ್ಚಿದರು, ಬಂಪರ್ ಬಿಚ್ಚಿದರು, ಕಾಲಿಟ್ಟು ಹತ್ತುವ ಪಟ್ಟಿ, ಬಟ್ಟೆಯ ಮೇಲ್ಛಾವಣಿ, ಕೆಲವೊಮ್ಮೆ ಮುಂದಿನ ಗಾಜನ್ನೂ ಬಿಚ್ಚಿದರು. ನಾವಿಂದು ಚಂದ ಎಂದು ನೋಡುವ ಆ ಬೋಳು ಆಕಾರ ಬಂದದ್ದು ಕೈಯಲ್ಲಿ ಕಾಸಿಲ್ಲದ್ದರಿಂದ. ಈ ಓಟಗಳಿಗೆ ಒಂದು ಶಿಸ್ತು ತರಲು 1937ರಲ್ಲಿ ಅಲ್ಲಿನ ಹಲವು ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಆ ಸಂಘ ಇಂದಿಗೂ ಎಲ್ ಮಿರಾಜ್‌ನಲ್ಲಿ ಓಟ ನಡೆಸುತ್ತದೆ. ಮ್ಯೂರಾಕ್ ಕೆರೆ ಸೇನೆಯ ಪಾಲಾಗಿ ಈಗಿನ ಎಡ್ವರ್ಡ್ಸ್ ವಾಯುನೆಲೆ ಆಯಿತು.

ಎರಡನೇ ಮಹಾಯುದ್ಧ ಮುಗಿದು ಹುಡುಗರು ಮರಳಿದಾಗ ವೆಲ್ಡಿಂಗ್, ಲೇತ್, ವಿಮಾನದ ಎಂಜಿನ್ ಬಿಚ್ಚುವ ವಿದ್ಯೆಯನ್ನು ಕೈಯಲ್ಲಿ ಹಿಡಿದು ಬಂದರು. ‘ಹಾಟ್ ರಾಡ್’ ಎಂಬ ಹೆಸರು ಜನರ ಬಾಯಿಗೆ ಬಂದದ್ದು ಆಗ. ಅದೇ ಹೆಸರಿನ ಪತ್ರಿಕೆ 1948ರ ಜನವರಿಯಲ್ಲಿ ಶುರುವಾಯಿತು, ಮರುವರ್ಷ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ‘ಸ್ಪೀಡ್ ವೀಕ್’ ಎಂಬ ವಾರದ ಓಟಗಳು.

ಇವರೆಲ್ಲ 1932ರ ಫೋರ್ಡ್‌ಗೇ ಯಾಕೆ ಗಂಟುಬಿದ್ದರು ಎಂದು ಕೇಳಬಹುದು. ಆ ವರ್ಷ ಹೆನ್ರಿ ಫೋರ್ಡ್ 221 ಘನ ಅಂಗುಲದ, 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು ಜನಸಾಮಾನ್ಯರ ಕಾರಿಗೆ ಹಾಕಿದರು. ಎರಡೂ ಸಾಲಿನ ಸಿಲಿಂಡರ್‌ಗಳನ್ನು ಒಂದೇ ಎರಕದಲ್ಲಿ ಹೊಯ್ದು ಬೆಲೆ ಇಳಿಸಿದ್ದು ಆ ಕಾಲಕ್ಕೆ ದೊಡ್ಡ ಸಾಹಸ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯನ್ನು ಅಜ್ಜ ನನಗೆ ಬೆರಳಿಟ್ಟು ತೋರಿಸಿದರು. ಬೇರೆ ಕಾರುಗಳ ಚಾಸಿಯನ್ನು ತಗಡಿನ ಹಿಂದೆ ಮರೆಮಾಡುತ್ತಿದ್ದರು. 1932ರ ಚಾಸಿಯ ಪಕ್ಕ ಹೊರಗೆ ಕಾಣುವಂಥದ್ದು. ಅದಕ್ಕೇ ಅದರ ಉದ್ದಕ್ಕೂ ಒಂದು ಉಬ್ಬುಗೆರೆ ಒತ್ತಿ, ಮೈಯ ಬಳುಕಿಗೆ ಹೊಂದುವಂತೆ ಬಾಗಿಸಿದ್ದಾರೆ. ಮಡ್‌ಗಾರ್ಡ್ ತೆಗೆದರೆ ಉಳಿದವು ಬಟ್ಟೆ ಬಿಚ್ಚಿದಂತೆ ಕಾಣುತ್ತವೆ, ಇದು ಮುಗಿದ ಕೆಲಸದಂತೆ ಕಾಣುತ್ತದೆ. ಇಲ್ಲಿನವರು ಅದಕ್ಕೆ ‘ಡ್ಯೂಸ್’ ಎಂದು ಹೆಸರಿಟ್ಟಿದ್ದಾರೆ. 2014ರಲ್ಲಿ ಅಮೆರಿಕದ ಅಂಚೆ ಇಲಾಖೆ ಎರಡು ಹಾಟ್ ರಾಡ್ ಅಂಚೆಚೀಟಿ ತಂದಾಗ ಎರಡರಲ್ಲೂ ಇದ್ದದ್ದು 1932ರ ರೋಡ್‌ಸ್ಟರ್.

ಜೊತೆಗೆ, 1948ರವರೆಗೂ ಫೋರ್ಡ್ ಕಂಪನಿ ತನ್ನ ಹಳೆಯ ಕಟ್ಟುವ ಕ್ರಮವನ್ನು ಬಿಟ್ಟಿರಲಿಲ್ಲ. ಮುಂದೊಂದು ಹಿಂದೊಂದು ಅಡ್ಡ ಸ್ಪ್ರಿಂಗ್. ನಮ್ಮ ಲಾರಿಗಳ ಅಡಿಯಲ್ಲಿ ಕಾಣುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗೇ, ಬಿಲ್ಲಿನಂತೆ ಬಾಗಿಸಿ ಅಡ್ಡಲಾಗಿ ಕೂರಿಸಿದ್ದು. ಹೀಗಾಗಿ ಒಂದು ವರ್ಷದ ಫೋರ್ಡ್‌ನ ಭಾಗ ಇನ್ನೊಂದು ವರ್ಷದ ಫೋರ್ಡ್‌ಗೆ ಹೆಚ್ಚು ಕೊಸರಾಟವಿಲ್ಲದೆ ಕೂರುತ್ತದೆ. 1939ರಲ್ಲಿ ಫೋರ್ಡ್‌ಗೆ ಮೊದಲ ಹೈಡ್ರಾಲಿಕ್ (ದ್ರವದ ಒತ್ತಡದಿಂದ ಹಿಡಿಯುವ) ಬ್ರೇಕ್ ಬಂತು. ಹುಡುಗರು ಅದನ್ನು ತಂದು ಕಬ್ಬಿಣದ ಸರಳು ಎಳೆದು ಹಿಡಿಯುವ ಬ್ರೇಕಿನ ಹಳೆಯ ಕಾರುಗಳಿಗೆ ಹಾಕಿಕೊಂಡರು. ನನ್ನ ಕಾರಿನ ಬ್ರೇಕೂ ಅದೇ.

ಈಗ ಎಂಜಿನ್ನಿನ ಮಾತು. ಇದನ್ನು ಹೇಳದೆ ನಿಮಗೆ ಆ ಏಳು ವರ್ಷಗಳು ಅರ್ಥವಾಗುವುದಿಲ್ಲ. ಆ ಹಳೆಯ ವಿ-8 ಅನ್ನು ಫ್ಲಾಟ್‌ಹೆಡ್ ಎನ್ನುತ್ತಾರೆ. ಗಾಳಿ, ಹೊಗೆಯ ದಾರಿಯನ್ನು ತೆರೆದು ಮುಚ್ಚುವ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿ ಬ್ಲಾಕಿನೊಳಗೇ ಇರುತ್ತವೆ. ಮೇಲಿನ ಹೆಡ್ ಒಂದು ಚಪ್ಪಟೆ ಮುಚ್ಚಳವಷ್ಟೇ. ಸುಟ್ಟ ಹೊಗೆ ಹೊರಗೆ ಹೋಗಲು ಬ್ಲಾಕಿನ ಒಳಗಿನಿಂದ, ತಂಪು ಮಾಡುವ ನೀರಿನ ನಡುವಿನಿಂದಲೇ ಹಾಯಬೇಕು. ಆದ್ದರಿಂದ ನೀರು ಬೇಗ ಕಾಯುತ್ತದೆ. ಪ್ರತಿ ಪಕ್ಕದಲ್ಲಿ ನಾಲ್ಕು ಸಿಲಿಂಡರ್, ಹೊಗೆಗೆ ಮೂರೇ ದಾರಿ. ನಡುವಿನ ಎರಡಕ್ಕೆ ಒಂದೇ ಬಾಗಿಲು. ಅದರ ತಗ್ಗು ದನಿಯ ಗುಡುಗಿಗೆ ಈ ಹಂಚಿಕೆಯೂ ಒಂದು ಕಾರಣ. ಈ ಎಂಜಿನ್ನಿನ ದೌರ್ಬಲ್ಯವೂ ಅದರ ಸ್ವರವೂ ಒಂದೇ ಕಡೆಯಿಂದ ಹುಟ್ಟುತ್ತವೆ.

ಕಾಯ್ದ ಬ್ಲಾಕು ಬಿರುಕು ಬಿಡುತ್ತದೆ. ಪೊಮೋನಾದಲ್ಲಿ ಹಳೆಯ ಕಾರುಗಳ ಬಿಡಿಭಾಗಗಳ ಸಂತೆ ನಡೆಯುತ್ತದೆ, ನಸುಕಿನಲ್ಲೇ ಟಾರ್ಚ್ ಹಿಡಿದು ಹೋಗಬೇಕು. ಅಲ್ಲಿ ಒಬ್ಬರಿಂದ ಒಂದು ಬ್ಲಾಕ್ ಕೊಂಡೆ. ಬಿರುಕಿಲ್ಲ ಎಂದು ಮಾತು ಕೊಟ್ಟಿದ್ದರು. ಮನೆಗೆ ತಂದು, ಎಪ್ಪತ್ತು ವರ್ಷದ ಕೆಸರು, ತುಕ್ಕನ್ನು ನೀರಿನ ದಾರಿಯಿಂದ ಕಂಬಿಯಲ್ಲಿ ಕೆರೆದು ಕೆರೆದು ತೆಗೆದೆವು; ಎರಡು ಬಕೆಟ್ ತುಂಬಿತು. ಆಮೇಲೆ ಪರೀಕ್ಷೆ. ಅಜ್ಜ ವಿದ್ಯುತ್ ಅಯಸ್ಕಾಂತವನ್ನು ಬ್ಲಾಕಿನ ಮೇಲಿಟ್ಟು, ಸಣ್ಣ ಕಬ್ಬಿಣದ ಪುಡಿಯನ್ನು ಭಸ್ಮ ಉದುರಿಸಿದ ಹಾಗೆ ಉದುರಿಸಿ ಮೆಲ್ಲಗೆ ಊದಿದರು. ಪುಡಿಯೆಲ್ಲ ಹಾರಿಹೋಯಿತು. ಒಂದು ಕಡೆ ಮಾತ್ರ, ವಾಲ್ವ್ ಕೂರುವ ಜಾಗದಿಂದ ಸಿಲಿಂಡರಿನ ಅಂಚಿನವರೆಗೆ, ಕೂದಲೆಳೆಯಂಥ ಕಪ್ಪು ಗೆರೆ ನಿಂತಿತು. ಬೆರಳಾಡಿಸಿದರೆ ಏನೂ ತಿಳಿಯದು, ಕಣ್ಣಿಗೂ ಕಾಣದು. ಬಿರುಕಿನ ಎರಡು ಅಂಚುಗಳ ನಡುವೆ ಕಾಂತದ ಸೆಳೆತ ಹೊರಚಿಮ್ಮುವುದರಿಂದ ಪುಡಿ ಅಲ್ಲಿ ಅಂಟಿಕೊಳ್ಳುತ್ತದೆ. ಅಜ್ಜ ಏನೂ ಹೇಳಲಿಲ್ಲ. ಸೀಮೆಸುಣ್ಣದಿಂದ ಆ ಗೆರೆಯ ಮೇಲೆ ಒಂದು ಗುರುತು ಹಾಕಿ, ಕೈ ತೊಳೆಯಲು ಹೋದರು. ಎರಡನೇ ಬ್ಲಾಕೂ ಹೀಗೆಯೇ ಆಯಿತು. ಮೂರನೆಯದರಲ್ಲಿ ಗೆರೆ ಬರಲಿಲ್ಲ. ಆ ದಿನದ ಸಂತೋಷವನ್ನು ಹೇಗೆ ಹೇಳುವುದು! ಹೆಂಡತಿಯನ್ನು ಶೆಡ್ಡಿಗೆ ಕರೆದು, ಏನೂ ಇಲ್ಲದ ಜಾಗವನ್ನು ತೋರಿಸಿ, ‘ನೋಡು, ಏನೂ ಇಲ್ಲ’ ಎಂದೆ.

ಹಾಟ್ ರಾಡ್ ಎಂದರೆ ಎಲ್ಲವೂ ಹೀಗೆ ಸರಳ ಎಂದುಕೊಳ್ಳಬೇಡಿ. 1970ರ ದಶಕದಿಂದ ಈಚೆಗೆ ಹಳೆಯ ಮೈಯೊಳಗೆ ಏಸಿ, ಆಟೋಮ್ಯಾಟಿಕ್ ಗೇರ್, ಕನ್ನಡಿಯಂತೆ ಹೊಳೆಯುವ ಅಲ್ಯೂಮಿನಿಯಂ ಚಕ್ರ ಹಾಕಿದ ಕಾರುಗಳು ಬಂದವು. ಅವುಗಳ ಹಿಂದಿನ ಕಸುಬುಗಾರಿಕೆಗೆ ನನ್ನ ನಮಸ್ಕಾರವಿದೆ, ಮನಸ್ಸು ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಎದುರಾಗಿ 1990ರ ದಶಕದಲ್ಲಿ ರ‍್ಯಾಟ್ ರಾಡ್ ಎಂಬ ತುಕ್ಕಿನ ಕಾರುಗಳು ಬಂದವು. ಹಣವಿಲ್ಲದವರಿಗೆ ಬಾಗಿಲು ತೆರೆದದ್ದು ಅದರ ಒಳ್ಳೆಯತನ. ಬೇಕೆಂದೇ ತುಕ್ಕು ಹಿಡಿಸಿ, ಒರಟಾಗಿ ವೆಲ್ಡ್ ಮಾಡಿ, ಬ್ರೇಕನ್ನು ಕಡೆಗಣಿಸಿದ ಕಾರುಗಳನ್ನು ನೋಡಿದಾಗ ನನಗೆ ನೋವಾಗುತ್ತದೆ. 1940ರ ದಶಕದ ಹುಡುಗರು ಬಡವರಾಗಿದ್ದರು, ಕೆಲಸದಲ್ಲಿ ಕೊಳಕರಾಗಿರಲಿಲ್ಲ. ಅವರಲ್ಲೊಬ್ಬರಾದ ಡೋನ್ ಸ್ಪೆನ್ಸರ್ ಅವರ 1932ರ ರೋಡ್‌ಸ್ಟರ್ ನೋಡಿ. ಕಪ್ಪು ಬಣ್ಣ, ಹಿಂದಕ್ಕೆ ಓರೆಯಾದ ಗಾಜು, ನೆಲದಿಂದ ಎತ್ತರಕ್ಕೆ ಜೋಪಾನವಾಗಿ ಒಯ್ದ ಹೊಗೆ ಕೊಳವೆಗಳು. ಒಂದು ಅನಗತ್ಯ ವಸ್ತು ಇಲ್ಲ, ಒಂದು ಅಜಾಗರೂಕ ಬೆಸುಗೆಯೂ ಇಲ್ಲ. ದುಬಾರಿ ಹಳೆಯ ಕಾರುಗಳ ಪ್ರದರ್ಶನಕ್ಕೆ ಹೆಸರಾದ ಪೆಬಲ್ ಬೀಚ್‌ನಲ್ಲಿ 1997ರಲ್ಲಿ ಮೊದಲ ಬಾರಿ ಹಾಟ್ ರಾಡ್‌ಗಳಿಗೆ ಜಾಗ ಕೊಟ್ಟಾಗ ಆ ವಿಭಾಗದಲ್ಲಿ ಗೆದ್ದದ್ದು ಅದೇ ಕಾರು.

ಅಪಾಯವನ್ನೂ ಹೇಳಿಬಿಡುತ್ತೇನೆ. ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಡಿಕ್ಕಿಯಾದರೆ ಮುದುಡಿ ನಮ್ಮನ್ನು ಉಳಿಸುವ ಮೂತಿ ಇಲ್ಲ. ಸೀಟ್ ಬೆಲ್ಟ್ ನಾವೇ ಹಾಕಿಸಿದ್ದೇವೆ. ಮಳೆಯಲ್ಲಿ ಮುಂದಿನ ಚಕ್ರದ ಕೆಸರು ನೇರವಾಗಿ ಮುಖಕ್ಕೆ. ಬ್ರೇಕು ಡ್ರಮ್ಮಿನದು, ಆದ್ದರಿಂದ ಮುಂದಿನ ಗಾಡಿಯಿಂದ ಬಹಳ ದೂರ ಇರಬೇಕು. ಮಕ್ಕಳನ್ನು ನಾನು ಅದರಲ್ಲಿ ಹೆದ್ದಾರಿಗೆ ಕರೆದೊಯ್ಯುವುದಿಲ್ಲ.

ಈಗ ಬೆಂಗಳೂರು. ಕಾನೂನಿನ ಪ್ರಕಾರ ಸಾಧ್ಯವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗಿ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಬಂತು. ಅದಕ್ಕೂ ಚಾಸಿ, ಮೈ, ಎಂಜಿನ್ ಮೂಲರೂಪದಲ್ಲಿ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದಲೇ ವಿನಾಯಿತಿ ಇದೆ. ಭಾರತದಲ್ಲಿ ಅಂಥ ಸಡಿಲ ಇಲ್ಲ.

ಕಾನೂನು ಬಿಟ್ಟುಕೊಟ್ಟರೂ ನಾನು ಬೇಡ ಎನ್ನುತ್ತೇನೆ. ಅಮೆರಿಕದಲ್ಲಿ ಮಾಡೆಲ್ ಎ ಲಕ್ಷಗಟ್ಟಲೆ ಇದ್ದವು, ಗುಜರಿಯಲ್ಲಿ ರಾಶಿ ಬಿದ್ದಿದ್ದವು, ಕತ್ತರಿಸಿದರೆ ಯಾರಿಗೂ ನಷ್ಟವಿರಲಿಲ್ಲ. ನಾವು ಕೂಡ ಪೂರ್ಣ ರೂಪದಲ್ಲಿ ಉಳಿದ ಕಾರನ್ನು ಮುಟ್ಟುವುದಿಲ್ಲ. ಬಿಡಿಬಿಡಿಯಾಗಿ ಸಿಕ್ಕ ಭಾಗಗಳಿಂದಲೇ ಕಟ್ಟುತ್ತೇವೆ. ಕರ್ನಾಟಕದಲ್ಲಿ ಉಳಿದಿರುವ ಆ ಕಾಲದ ಕಾರುಗಳು ಬೆರಳೆಣಿಕೆ. ಅಂಥದ್ದು ನಿಮ್ಮ ಕೈಗೆ ಬಂದರೆ ಇದ್ದ ಹಾಗೆ ಉಳಿಸಿ. ಅವನ್ನು ಹತ್ತಿರದಿಂದ ನೋಡಬೇಕೆಂದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಎಂಬ ಕಾರು ಸಂಗ್ರಹಾಲಯ ಇವೆ.

ಬಿಚ್ಚಿ, ಅರಿತು, ಮತ್ತೆ ಜೋಡಿಸುವ ಸುಖ ಬೇಕೆಂದರೆ ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಅಥವಾ ಯೆಜ್ಡಿ ಬೈಕೊಂದನ್ನು ತನ್ನಿ. ಟೂ-ಸ್ಟ್ರೋಕ್ ಎಂಜಿನ್, ವಾಲ್ವ್‌ಗಳೇ ಇಲ್ಲ. ಕಿಕ್ ಹೊಡೆಯುವ ಕಡ್ಡಿಯೇ ಮುಂದಕ್ಕೆ ಬಾಗಿ ಗೇರ್ ಕಡ್ಡಿಯಾಗುತ್ತದೆ. ಒಂದು ತಿಂಗಳ ಭಾನುವಾರಗಳಲ್ಲಿ ಇಡೀ ಗಾಡಿ ನಿಮ್ಮ ತಲೆಯೊಳಗೆ ಇರುತ್ತದೆ.

ಎಂದಾದರೂ ಈ ಕಡೆ ಬಂದರೆ ಮೇ ತಿಂಗಳಿಂದ ನವೆಂಬರ್ ನಡುವೆ ಬನ್ನಿ. ಎಲ್ ಮಿರಾಜ್‌ನಲ್ಲಿ ಓಟಗಳು ನಡೆಯುವುದು ಆಗ. ಬಿಸಿಲೇರುವ ಮುಂಚೆ ತಲುಪಬೇಕು, ನೀರು, ಟೋಪಿ ಮರೆಯಬಾರದು. ಕೆರೆಯ ಮಣ್ಣು ಗೋಪಿಚಂದನದಷ್ಟು ನುಣುಪು, ಕ್ಯಾಮೆರಾಗೆ ಹೊದಿಕೆ ಇರಲಿ. ಸಾಲಿನಲ್ಲಿ ನಿಂತ ಕಾರುಗಳ ಪಕ್ಕ ನಡೆಯುತ್ತಾ ಹೋಗಿ ಯಾರನ್ನಾದರೂ ಎಂಜಿನ್ ಬಗ್ಗೆ ಕೇಳಿ. ಕೈ ಒರೆಸಿಕೊಂಡು ಪೂರ್ತಿ ವಿವರಿಸುತ್ತಾರೆ.